ಕೆಸರು ತಡೆಯುವ ಹಲಗೆಯ ಕಥೆ

ಆಯುಧಪೂಜೆಯ ಹಿಂದಿನ ಭಾನುವಾರ ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಊರಿನಲ್ಲಾದರೆ ನೇಗಿಲು, ಕುಡುಗೋಲು, ಹಾರೆ, ಗುದ್ದಲಿಗಳನ್ನು ತೊಳೆದು ಗೋಡೆಗೆ ಒರಗಿಸಿಡುತ್ತಿದ್ದರು. ಮುಂಬಯಿಯ ಉಪನಗರದ ಹೌಸಿಂಗ್ ಸೊಸಾಯಿಟಿಯಲ್ಲಿ ನೇಗಿಲು ಎಲ್ಲಿಂದ ಬರಬೇಕು? ನಮಗಿದ್ದ ದೊಡ್ಡ ಆಯುಧವೆಂದರೆ 1980ರ ದಶಕದಲ್ಲಿ ಅಪ್ಪ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಒಂದು ಪ್ರೀಮಿಯರ್ ಪದ್ಮಿನಿ ಕಾರು. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವದು. ಹಳೆಯದಾದರೂ ಕಾರು ಬಂತಲ್ಲ ಎಂಬ ಸಂತೋಷದಲ್ಲಿ ನಾವು ಮಕ್ಕಳೆಲ್ಲ ಆ ಭಾನುವಾರ ಬಕೆಟ್ಟು, ಬಟ್ಟೆ ಹಿಡಿದು ಕಾಂಪೌಂಡಿಗೆ ಇಳಿಯುತ್ತಿದ್ದೆವು.

ಒಂದು ವರ್ಷ ತೊಳೆಯುವ ಕೆಲಸದ ಜೊತೆಗೆ ಬಿಚ್ಚುವ ಕೆಲಸವೂ ಬಿತ್ತು. ವೇಗ ತೋರಿಸುವ ಮುಳ್ಳು ಜ್ವರ ಬಂದವರ ಹಾಗೆ ನಡುಗುತ್ತಿತ್ತು. ರಾತ್ರಿ ಅದಕ್ಕೆ ಬೆಳಕು ಕೊಡುವ ಪುಟ್ಟ ಬಲ್ಬೂ ಆರಿಹೋಗಿತ್ತು. ಗ್ಯಾರೇಜಿನವರು ಗಾಡಿಯನ್ನು ಮೂರು ದಿನ ಬಿಟ್ಟುಹೋಗಿ ಎಂದರು. ಹಬ್ಬ ಎದುರಿಗೇ ಇದ್ದುದರಿಂದ ಅಪ್ಪ ತಾವೇ ಡ್ಯಾಶ್‌ಬೋರ್ಡು ಬಿಚ್ಚುವುದೆಂದು ನಿರ್ಧರಿಸಿದರು. ಕಿಟಕಿಯಿಂದ ನೋಡುತ್ತಿದ್ದ ಅಮ್ಮ ಒಂದೇ ಮಾತು ಕೇಳಿದರು: “ಬಿಚ್ಚೋಕೇನು, ಯಾರು ಬೇಕಾದರೂ ಬಿಚ್ಚುತ್ತಾರೆ. ತಿರುಗಿ ಕೂಡಿಸೋದು ಹೇಗೆ ಅಂತ ಮೊದಲು ಹೇಳಿ.”

ಅಪ್ಪ ಉತ್ತರ ಕೊಡಲಿಲ್ಲ. ನಾಲ್ಕಾರು ಸ್ಕ್ರೂ ತೆಗೆದು, ಮೀಟರಿನ ಡಬ್ಬಿಯನ್ನು ಮುಂದಕ್ಕೆ ಎಳೆದರು. ಅದರ ಹಿಂದಿನಿಂದ ಒಂದು ತಂತಿ ಕಳಚಿ ತಗಡಿನ ಅಂಚಿಗೆ ತಾಗಿತು. ಚಟ್ ಎಂದು ನೀಲಿ ಕಿಡಿ ಹಾರಿತು, ಸುಟ್ಟ ವಾಸನೆ ಬಂತು, ಫ್ಯೂಸು ಹೋಯಿತು. ನಮ್ಮಲ್ಲಿ ಕಿರಿಯವಳು ಅಳಲಿಕ್ಕೇ ಶುರುಮಾಡಿದಳು. ಕಾರಿನ ಮೈಯೆಲ್ಲ ಉಕ್ಕು. ಬ್ಯಾಟರಿಯ ಒಂದು ಧ್ರುವವನ್ನು ಆ ಮೈಗೇ ಕೂಡಿಸಿರುತ್ತಾರೆ. ಹಾಗಾಗಿ ಇನ್ನೊಂದು ಧ್ರುವದಿಂದ ಬರುವ ಬತ್ತಲೆ ತಂತಿ ತಗಡನ್ನು ಮುಟ್ಟಿತೆಂದರೆ ಮಂಡಲ ಪೂರ್ತಿಯಾದಂತೆಯೇ. ಆ ದಿನ ನಾವು ಕಲಿತ ಪಾಠ: ಡ್ಯಾಶ್‌ಬೋರ್ಡಿಗೆ ಕೈ ಹಾಕುವ ಮೊದಲು ಬಾನೆಟ್ ತೆರೆದು ಬ್ಯಾಟರಿಯ ತಂತಿ ಬಿಚ್ಚಬೇಕು. ಈ ಪಾಠ ಮುಂದೆ ಇನ್ನೊಮ್ಮೆ ಬರಲಿದೆ, ಓದುಗರು ನೆನಪಿಟ್ಟುಕೊಳ್ಳಬೇಕು.

ಇಷ್ಟು ದಿನ ಎದುರಿಗೇ ಕುಳಿತು ನೋಡಿದ ಆ ಹಲಗೆಯ ಬೆನ್ನನ್ನು ನಾವು ಕಂಡದ್ದು ಅಂದೇ. ಮುಂದಿನಿಂದ ಬಣ್ಣ ಬಳಿದು ಹೊಳೆಯುವ ಮುಖ, ಹಿಂದೆ ಬಣ್ಣಬಣ್ಣದ ತಂತಿಗಳ ಜಡೆ, ಧೂಳು, ಎಂದೋ ಬಿದ್ದ ಹತ್ತು ಪೈಸೆಯ ನಾಣ್ಯ, ಹಿಂದಿನ ಮಾಲೀಕರ ಕಾಲದ ಒಂದು ಹೇರ್‌ಪಿನ್ನು. ಇದಕ್ಕೆ ಡ್ಯಾಶ್‌ಬೋರ್ಡು ಎಂದು ಯಾಕೆ ಕರೆಯುತ್ತಾರೆ ಎಂದು ನಾವು ಕೇಳಿದಾಗ ಅಪ್ಪನಿಗೂ ಗೊತ್ತಿರಲಿಲ್ಲ. ಆ ಪ್ರಶ್ನೆಯನ್ನು ಹಿಡಿದು ಹೊರಟರೆ ಕುದುರೆಗಾಡಿಯ ಕಾಲಕ್ಕೇ ಹೋಗಬೇಕಾಗುತ್ತದೆ.

ಇಂಗ್ಲಿಷಿನ ‘ಡ್ಯಾಶ್’ ಎಂಬುದಕ್ಕೆ ರಭಸದಿಂದ ಎರಚು, ಅಪ್ಪಳಿಸು ಎಂಬ ಅರ್ಥವೂ ಉಂಟು. ಓಡುವ ಕುದುರೆಯ ಗೊರಸಿನಿಂದ ಹಿಂದಕ್ಕೆ ಚಿಮ್ಮುವ ಕೆಸರು, ಕಲ್ಲು, ಸಗಣಿ ಗಾಡಿಯಲ್ಲಿ ಕುಳಿತವರ ಮೇಲೆ ಬೀಳದಂತೆ ಮುಂದೆ ಒಂದು ಮರದ ಹಲಗೆಯನ್ನೋ ತೊಗಲಿನ ತಡಿಕೆಯನ್ನೋ ನಿಲ್ಲಿಸುತ್ತಿದ್ದರು. ಎರಚಾಟ ತಡೆಯುವ ಹಲಗೆಯಾದ್ದರಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಅದು ‘ಡ್ಯಾಶ್‌ಬೋರ್ಡು’ ಆಯಿತು. ಮುಂಬಯಿಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಟೆ ಭಾಗದಲ್ಲಿ, ಗೇಟ್‌ವೇ ಆಫ್ ಇಂಡಿಯಾದ ಮುಂದೆ ಓಡುತ್ತಿದ್ದ ವಿಕ್ಟೋರಿಯಾ ಗಾಡಿಗಳಲ್ಲಿ, ಕುದುರೆಯ ಹಿಂದೆ, ಗಾಡಿ ಹೊಡೆಯುವವನ ಕಾಲ ಮುಂದೆ ಇದ್ದ ಅಡ್ಡಹಲಗೆಯೇ ಇಂದಿನ ಕಾರಿನ ಡ್ಯಾಶ್‌ಬೋರ್ಡಿನ ಅಜ್ಜ. ಆ ಗಾಡಿಗಳು ಕಾನೂನುಬಾಹಿರವೆಂದು ಮುಂಬಯಿ ಉಚ್ಚ ನ್ಯಾಯಾಲಯ 2015ರಲ್ಲಿ ತೀರ್ಪು ಕೊಟ್ಟಿತು.

1886ರಲ್ಲಿ ಜರ್ಮನಿಯ ಕಾರ್ಲ್ ಬೆಂಝ್ ಪೇಟೆಂಟ್ ಪಡೆದ ಮೂರು ಗಾಲಿಯ ಗಾಡಿಯಿಂದ ಮೋಟಾರು ಯುಗ ಆರಂಭವಾಯಿತೆಂದು ಲೆಕ್ಕ. ಕುದುರೆ ಹೋಯಿತು; ಗೊರಸಿನ ಕೆಸರೂ ಹೋಯಿತು. ಆದರೆ ಗಾಡಿ ಕಟ್ಟುವವರ ಕೈಗೆ ಹಳೆಯ ಅಭ್ಯಾಸ. ಅಮೆರಿಕದಲ್ಲಿ 1901ರಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಕಾರಿನ ಮುಂಭಾಗದಲ್ಲಿ ಹಿಮದ ಬಂಡಿಯ ಮೂತಿಯಂತೆ ಸುರುಳಿ ಬಾಗಿದ ಹಲಗೆಯಿತ್ತು. ‘ಕರ್ವ್ಡ್ ಡ್ಯಾಶ್’ ಎಂದೇ ಆ ಕಾರಿಗೆ ಹೆಸರು. ತಡೆಯಲು ಕುದುರೆಯಿಲ್ಲ, ತಡೆಯುವ ಹಲಗೆ ಮಾತ್ರ ಇದೆ! ಬಾವಿ ಮುಚ್ಚಿದ ಮೇಲೂ ರಾಟೆ ಉಳಿದ ಹಾಗೆ.

ಅಷ್ಟರಲ್ಲಿ ಎಂಜಿನ್ನು ಸೀಟಿನ ಕೆಳಗಿನಿಂದ ಗಾಡಿಯ ಮುಂದಕ್ಕೆ, ಅಂದರೆ ಕುದುರೆಯಿದ್ದ ಜಾಗಕ್ಕೇ ಬಂತು. ಹಲಗೆಗೆ ಹೊಸ ಉದ್ಯೋಗ ಸಿಕ್ಕಿತು. ಎಂಜಿನ್ನಿನ ಕಾವು, ಎಣ್ಣೆ, ಹೊಗೆಗಳಿಂದ ಮನುಷ್ಯರನ್ನು ಬೇರ್ಪಡಿಸುವ ಗೋಡೆಯಾಯಿತು. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನ ಮೊದಲ ವರ್ಷಗಳಲ್ಲಿ ಈ ಗೋಡೆ ಮರದ್ದೇ. ಕಿಡಿ ಹುಟ್ಟಿಸುವ ಕಾಯಿಲುಗಳ ಪೆಟ್ಟಿಗೆಯನ್ನು ಅದಕ್ಕೇ ಬಿಗಿಯುತ್ತಿದ್ದರು. ಕಣ್ಣೆದುರು ಒಂದು ಗೋಡೆಯಿದ್ದರೆ ಗೃಹಸ್ಥನು ಅದಕ್ಕೆ ಗಡಿಯಾರ, ಕ್ಯಾಲೆಂಡರು ತೂಗುಹಾಕದೆ ಬಿಟ್ಟಾನೆಯೇ? ವಿದ್ಯುತ್ ಅಳೆಯುವ ಮೀಟರು, ವೇಗದ ಮೀಟರು ಒಂದೊಂದಾಗಿ ಬಂದವು. 1912ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರು ಬಂದ ಮೇಲೆ ಬ್ಯಾಟರಿ, ದೀಪ, ಸ್ವಿಚ್ಚುಗಳೂ ಹೆಚ್ಚಿದವು. ಕೊನೆಗೆ ಎಂಜಿನ್ನಿನ ಗೋಡೆ ಬೇರೆ, ಮೀಟರಿನ ಹಲಗೆ ಬೇರೆ ಆಯಿತು. ಪಾಲಾದಾಗ ‘ಡ್ಯಾಶ್‌ಬೋರ್ಡು’ ಎಂಬ ಮನೆತನದ ಹೆಸರು ಮೀಟರಿನ ಹಲಗೆಯ ಪಾಲಿಗೆ ಬಂತು.

ನಮ್ಮ ಪದ್ಮಿನಿಯ ಮುಳ್ಳು ಯಾಕೆ ನಡುಗುತ್ತಿತ್ತೆಂಬುದನ್ನೂ ಇಲ್ಲೇ ಹೇಳಿಬಿಡಬಹುದು. ಆ ಬಗೆಯ ವೇಗಮಾಪಕವನ್ನು ಕಂಡುಹಿಡಿದವನು ಸ್ಟ್ರಾಸ್‌ಬರ್ಗಿನ ಓಟೋ ಶುಲ್ಜ್. ಪೇಟೆಂಟ್ ಆದದ್ದು 1902ರಲ್ಲಿ. ಗೇರ್‌ಬಾಕ್ಸಿನಿಂದ ಬರುವ ಉದ್ದನೆಯ ಕೇಬಲ್ಲು ತನ್ನ ಕವಚದೊಳಗೆ ಗಿರಗಿರನೆ ತಿರುಗುತ್ತದೆ. ಅದರ ತುದಿಗೆ ಒಂದು ಅಯಸ್ಕಾಂತ. ಅಯಸ್ಕಾಂತದ ಸುತ್ತ, ಅದನ್ನು ಮುಟ್ಟದೆ, ಅಲ್ಯುಮಿನಿಯಮ್ಮಿನ ಒಂದು ಬಟ್ಟಲು. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿಗಳು ಹುಟ್ಟಿ ಅದನ್ನೂ ಜೊತೆಗೆ ಎಳೆಯುತ್ತವೆ. ಕೂದಲೆಳೆಯಂಥ ಒಂದು ಸ್ಪ್ರಿಂಗು ಹಿಂದಕ್ಕೆ ಹಿಡಿಯುತ್ತದೆ. ಈ ಎಳೆದಾಟದಲ್ಲಿ ಬಟ್ಟಲು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಮುಳ್ಳು. ಕೇಬಲ್ಲಿನ ಗ್ರೀಸು ಒಣಗಿತೆಂದರೆ ಅದು ತಡೆತಡೆದು ತಿರುಗುತ್ತದೆ, ಮುಳ್ಳು ನಡುಗುತ್ತದೆ. ಅಪ್ಪ ಕೇಬಲ್ಲನ್ನು ಎಳೆದು ಒರೆಸಿ, ಗ್ರೀಸು ಸವರಿ ತಿರುಗಿ ತೂರಿಸಿದರು. ಬಲ್ಬು, ಫ್ಯೂಸು ಬದಲಾದವು. ಸಂಜೆಯೊಳಗೆ ಎಲ್ಲವೂ ಕೂಡಿತು. ಒಂದು ಸ್ಕ್ರೂ ಮಾತ್ರ ಮಿಕ್ಕಿತು. ಅದನ್ನು ಅಮ್ಮ ವರ್ಷಾನುಗಟ್ಟಲೆ ಮಸಾಲೆ ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಂಡಿದ್ದರು, ಅಪ್ಪನಿಗೆ ಆಗಾಗ ತೋರಿಸಲಿಕ್ಕೆ.

ಈ ಪದ್ಮಿನಿಯ ವಂಶಾವಳಿಯಲ್ಲಿ ನಮ್ಮವರೊಬ್ಬರ ಹೆಸರು ಬರುತ್ತದೆಂದು ನಾವು ತಿಳಿದದ್ದು ಬಹಳ ತಡವಾಗಿ. ಸರ್ ಎಂ. ವಿಶ್ವೇಶ್ವರಯ್ಯನವರನ್ನು ನಾವೆಲ್ಲ ಕನ್ನಂಬಾಡಿಯ ಜೊತೆ ನೆನೆಯುತ್ತೇವೆ. ಪುಣೆಯಲ್ಲಿ ಓದಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದ ಅವರು ಒಂದರ್ಥದಲ್ಲಿ ನಮ್ಮ ಹಾಗೆಯೇ ಹೊರನಾಡ ಕನ್ನಡಿಗರು. ದಿವಾನಗಿರಿ ಬಿಟ್ಟು ಎಷ್ಟೋ ವರ್ಷಗಳ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ ಅವರು ಯುರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು, ಮುಂಬಯಿಯಲ್ಲಿ ಅಂಥದೊಂದು ಕಾರ್ಖಾನೆ ಕಟ್ಟುವ ಯೋಜನೆಯನ್ನು ಸಿದ್ಧಪಡಿಸಿದರು. ಆಗ ಇಲ್ಲಿ ಕಾರು ಜೋಡಿಸುವ ಕೆಲಸ ನಡೆಯುತ್ತಿರಲಿಲ್ಲವೆಂದಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 1928ರಿಂದಲೇ ಮುಂಬಯಿಯ ಶಿವಡಿಯಲ್ಲಿ ಕಾರುಗಳನ್ನು ಜೋಡಿಸುತ್ತಿತ್ತು. ಆದರೆ ಭಾಗಗಳೆಲ್ಲ ಹಡಗಿನಲ್ಲಿ ಬರಬೇಕು. ಜೋಡಿಸುವುದು ಬೇರೆ, ತಯಾರಿಸುವುದು ಬೇರೆ ಎಂಬುದೇ ವಿಶ್ವೇಶ್ವರಯ್ಯನವರ ವಾದದ ತಿರುಳು.

1937ರಲ್ಲಿ ಅಧಿಕಾರಕ್ಕೆ ಬಂದ ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ಈ ಯೋಜನೆಗೆ ಒಲವು ತೋರಿತು. 1939ರಲ್ಲಿ ಯುದ್ಧ ಬಂತು, ಮಂತ್ರಿಮಂಡಲ ರಾಜೀನಾಮೆಯಿತ್ತಿತು. ಈ ಕೆಲಸದಲ್ಲಿ ಕೈಜೋಡಿಸಿದ್ದ ಉದ್ಯಮಿ ವಾಲ್‌ಚಂದ್ ಹಿರಾಚಂದರು ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ಮೈಸೂರು ಸರ್ಕಾರ ನೆರವಿಗೆ ಮುಂದೆ ಬಂದರೂ ಬ್ರಿಟಿಷ್ ಭಾರತ ಸರ್ಕಾರದ ಒಪ್ಪಿಗೆ ದೊರೆಯಲಿಲ್ಲ. ವಿಚಿತ್ರವೆಂದರೆ, ಕಾರಿಗೆ ಸಿಕ್ಕದ ಅನುಕೂಲ ವಿಮಾನಕ್ಕೆ ಸಿಕ್ಕಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದರೂ ಮೈಸೂರು ಸರ್ಕಾರವೂ ಕೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದರು. ಕಾರಿನ ಕಾರ್ಖಾನೆ ಮುಂಬಯಿಗೆ ಬಂತು: 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಯಿತು, 1947ರಲ್ಲಿ ಕುರ್ಲಾದ ಕಾರ್ಖಾನೆಯಿಂದ ಕ್ರೈಸ್ಲರ್ ಕಂಪನಿಯ ಕಾರುಗಳು ಹೊರಬಂದವು.

ಬಳಿಕ ಇಟಲಿಯ ಫಿಯೆಟ್ ಜೊತೆ ಸಂಬಂಧ ಬೆಳೆಯಿತು. 1964ರ ಸುಮಾರಿಗೆ ಬಂದ ಫಿಯೆಟ್ 1100 ಡಿ ಮಾದರಿಯೇ 1970ರ ದಶಕದ ಆರಂಭದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಎಂದು ಹೆಸರು ಬದಲಿಸಿಕೊಂಡು, 1974ರಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. ಹೆಸರು ಬದಲಾದರೂ ಮುಂಬಯಿಯ ಬಾಯಿಯಲ್ಲಿ ಅದು ಕೊನೆಯವರೆಗೂ ‘ಫಿಯೆಟ್ಟೇ’. ಮದುವೆಯಾಗಿ ಹೆಸರು ಬದಲಾದ ಅತ್ತೆಯನ್ನು ತವರಿನವರು ಹಳೆಯ ಹೆಸರಿನಿಂದಲೇ ಕೂಗುತ್ತಾರಲ್ಲ, ಹಾಗೆ. 1089 ಸಿ.ಸಿ. ಎಂಜಿನ್ನು, ಸ್ಟೇರಿಂಗಿನ ಪಕ್ಕದಲ್ಲೇ ಗೇರಿನ ಹಿಡಿ, ಎದುರಿಗೆ ತಗಡಿನ ಡ್ಯಾಶ್‌ಬೋರ್ಡು. ಅದರ ಮೇಲೆ ಟ್ಯಾಕ್ಸಿಯವರು ತಮ್ಮ ತಮ್ಮ ದೇವರನ್ನು ಕೂರಿಸುತ್ತಿದ್ದರು. ನಮ್ಮ ಗಾಡಿಯಲ್ಲಿ ಬೆರಳುದ್ದದ ಗಣಪತಿ, ಪಕ್ಕದಲ್ಲಿ ಧರ್ಮಸ್ಥಳದಿಂದ ತಂದ ಮಂಜುನಾಥನ ಪಟ. ಹಬ್ಬದ ದಿನ ಅಮ್ಮ ಆ ತಗಡಿನ ಹಣೆಗೂ ಅರಿಸಿನ ಕುಂಕುಮ ಹಚ್ಚುತ್ತಿದ್ದರು.

ತಗಡಿನ ಡ್ಯಾಶ್‌ಬೋರ್ಡಿನ ಗುಣ ಹಾಡುತ್ತ ಕೂತರೆ ಅರ್ಧ ಇತಿಹಾಸ ಹೇಳಿದಂತಾಗುತ್ತದೆ. ಇನ್ನರ್ಧ ಕಹಿಯಾದದ್ದು. ಆ ಹಲಗೆ ಹುಟ್ಟಿದ್ದು ಎರಚುವ ಕೆಸರಿನಿಂದ ಮನುಷ್ಯರನ್ನು ಕಾಯಲಿಕ್ಕೆ. ಕಾರಿನ ವೇಗ ಹೆಚ್ಚಿದಂತೆ ಮನುಷ್ಯರೇ ಅದರ ಮೇಲೆ ಎರಚಿಬೀಳತೊಡಗಿದರು. ಡಿಕ್ಕಿಯಾದಾಗ ಕಾರು ನಿಲ್ಲುತ್ತದೆ, ಒಳಗಿನವರು ನಿಲ್ಲುವುದಿಲ್ಲ. ಮುಖ, ಎದೆ, ಮೊಣಕಾಲು ಎದುರಿನ ಉಕ್ಕಿಗೆ ಹೋಗಿ ಬಡಿಯುತ್ತವೆ. 1930ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ, ಅಂದರೆ ಮೋಟಾರು ಉದ್ಯಮದ ತವರಿನಲ್ಲೇ, ಕ್ಲೇರ್ ಸ್ಟ್ರೈತ್ ಎಂಬ ಪ್ಲಾಸ್ಟಿಕ್ ಸರ್ಜನ್ ಇದ್ದರು. ಅಪಘಾತದಲ್ಲಿ ಒಡೆದ ಮುಖಗಳನ್ನು ಹೊಲಿದು ಹೊಲಿದು ಬೇಸತ್ತ ಅವರು, ಡ್ಯಾಶ್‌ಬೋರ್ಡಿನ ಚೂಪು ಗುಬುಟುಗಳನ್ನು ತೆಗೆಯಿರಿ, ಅದಕ್ಕೆ ಮೆತ್ತೆ ಹಾಕಿರಿ ಎಂದು ಕಂಪನಿಗಳ ಬೆನ್ನು ಹತ್ತಿದರು. ತಮ್ಮ ಕಾರಿಗೆ ತಾವೇ ಮೆತ್ತೆ ಹಾಕಿಸಿಕೊಂಡರು. 1937ರ ಕ್ರೈಸ್ಲರ್ ಕಾರುಗಳಲ್ಲಿ ಗುಬುಟುಗಳು ಒಳಸರಿದವು. 1956ರಲ್ಲಿ ಫೋರ್ಡ್ ಕಂಪನಿ ಮೆತ್ತೆಯ ಡ್ಯಾಶ್‌ಬೋರ್ಡನ್ನು ಹೆಚ್ಚಿನ ಬೆಲೆಗೆ ಬೇಕಾದವರಿಗೆ ಕೊಟ್ಟಿತು. ಜೀವ ಉಳಿಸುವ ವಸ್ತು ಬೇಕಾದವರಿಗೆ ಮಾತ್ರ!

1965ರಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲರು ಕಾರು ಕಂಪನಿಗಳ ಅಲಕ್ಷ್ಯವನ್ನು ಕುರಿತು ಪುಸ್ತಕ ಬರೆದರು. ಕಾರು ಬೇರೊಂದಕ್ಕೆ ಗುದ್ದುವುದು ಮೊದಲ ಡಿಕ್ಕಿ, ಒಳಗಿನ ಮನುಷ್ಯ ಕಾರಿಗೇ ಗುದ್ದುವುದು ಎರಡನೆಯ ಡಿಕ್ಕಿ, ಕೊಲ್ಲುವುದು ಆ ಎರಡನೆಯದು ಎಂಬ ವಿಚಾರ ಅದರಿಂದ ಮನೆಮಾತಾಯಿತು. 1966ರಲ್ಲಿ ಅಮೆರಿಕದಲ್ಲಿ ಸುರಕ್ಷತೆಯ ಕಾನೂನಾಯಿತು. 1968ರಿಂದ ಹೊಸ ಕಾರುಗಳ ಒಳಮೈ ಪೆಟ್ಟನ್ನು ಹೀರಿಕೊಳ್ಳುವಂತಿರಬೇಕೆಂಬ ನಿಯಮ ಜಾರಿಗೆ ಬಂತು. ಉಕ್ಕಿನ ಮೇಲೆ ನೊರೆಯಂಥ ಪಾಲಿಯುರೆಥೇನ್ ಮೆತ್ತೆ, ಅದರ ಮೇಲೆ ಪಿ.ವಿ.ಸಿ. ಚರ್ಮ ಬಂದವು, ಕ್ರಮೇಣ ಹಲಗೆಯ ಮುಖವೆಲ್ಲ ಪ್ಲಾಸ್ಟಿಕ್ಕಾಯಿತು.

ನಮ್ಮ ದೇಶದ ಮಧ್ಯಮವರ್ಗದ ಮನೆಗೆ ಈ ಬದಲಾವಣೆಯನ್ನು ತಂದದ್ದು 1983ರ ಡಿಸೆಂಬರ್ 14ರಂದು ಬಿಡುಗಡೆಯಾದ ಮಾರುತಿ 800. ಹಗುರವಾದ ಪ್ಲಾಸ್ಟಿಕ್ಕಿನ ಡ್ಯಾಶ್‌ಬೋರ್ಡನ್ನು ಕಂಡು ನೆರೆಹೊರೆಯವರು “ಇದೇನು ಆಟಿಕೆ” ಎಂದು ನಕ್ಕದ್ದು ನಮಗೆ ನೆನಪಿದೆ. ನಕ್ಕವರೆಲ್ಲ ಹತ್ತು ವರ್ಷದೊಳಗೆ ಅದನ್ನೇ ಕೊಂಡರು. ಕೊನೆಗೆ ನಾವೂ ಪ್ಲಾಸ್ಟಿಕ್ಕಿನ ಕಾರಿಗೆ ಬಂದೆವು.

ಆಗ ತಿಳಿಯಿತು, ಬಿಚ್ಚುವ ವಿದ್ಯೆಯೇ ಬದಲಾಗಿಹೋಗಿದೆಯೆಂದು. ತಗಡಿನ ಹಲಗೆಯಲ್ಲಿ ಸ್ಕ್ರೂ ಕಣ್ಣಿಗೆ ಕಾಣುತ್ತಿತ್ತು. ಹೊಸ ಕಾರಿನ ಪ್ಯಾನೆಲ್ಲುಗಳನ್ನು ಹಿಡಿದಿರುವುದು ಬೆನ್ನಿಗಿರುವ ಕ್ಲಿಪ್ಪುಗಳು. ಒತ್ತಿದರೆ ಕಚ್ಚಿಕೊಳ್ಳುತ್ತವೆ, ಕಾರ್ಖಾನೆಯಲ್ಲಿ ಕೆಲಸ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ಬಿಡಿಸುವವರಿಗೆ ಮಾತ್ರ ಎಲ್ಲಿ ಕಚ್ಚಿವೆ ಎಂಬುದು ಕಾಣುವುದಿಲ್ಲ. ಮೊದಲ ಸಲ ನಾವು ಸ್ಕ್ರೂಡ್ರೈವರ್ ತೂರಿಸಿ ಮೀಟಿದೆವು. ಅಂಚು ಜಜ್ಜಿತು, ಎರಡು ಕ್ಲಿಪ್ಪು ಟಪ್ಪನೆ ಮುರಿದವು. ಗ್ಯಾರೇಜಿನವರು ಕ್ಲಿಪ್ಪು ಬಿಡಿಯಾಗಿ ಸಿಗುವುದಿಲ್ಲ, ಇಡೀ ಪ್ಯಾನೆಲ್ಲನ್ನೇ ಕೊಳ್ಳಬೇಕೆಂದರು. ಎರಡು ಕ್ಲಿಪ್ಪಿಗೆ ಇಡೀ ಹಲಗೆ! ಕೊಳ್ಳಲಿಲ್ಲ, ಆ ಕಾರು ಮಾರುವವರೆಗೂ ಹೊಂಡ ಬಂದಾಗಲೆಲ್ಲ ಕಟಕಟ ಎಂದು ನಮ್ಮನ್ನು ಹಂಗಿಸುತ್ತಿತ್ತು.

ಪೆಟ್ಟು ತಿಂದು ಕಲಿತದ್ದನ್ನು ಹೇಳಿಬಿಡುತ್ತೇವೆ. ಚಳಿಯ ಬೆಳಿಗ್ಗೆ ಪ್ಲಾಸ್ಟಿಕ್ ಬಿರುಸಾಗಿರುತ್ತದೆ. ಎಳೆಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕಾರು ನಿಂತರೆ ಬಾಗುವ ಗುಣ ಬರುತ್ತದೆ. ವರ್ಷಗಟ್ಟಲೆ ಬಿಸಿಲು ತಿಂದ ಹಲಗೆಯದು ಬೇರೆ ಮಾತು. ಪಿ.ವಿ.ಸಿ.ಯನ್ನು ಮೃದುವಾಗಿಡುವ ದ್ರವ್ಯ ನಿಧಾನವಾಗಿ ಆರಿಹೋಗಿ ಅದು ಹಪ್ಪಳದಂತಾಗಿರುತ್ತದೆ. ಮೀಟಲು ಉಕ್ಕು ಬೇಡ. ಅದಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಪಟ್ಟಿಯಾಗಲಿ, ಬಟ್ಟೆ ಸುತ್ತಿದ ಮರದ ಸಟ್ಟುಗವಾಗಲಿ ಸಾಕು. ಎಳೆಯುವ ಮೊದಲು ಬೂದಿಬಟ್ಟಲಿನ ಹಿಂದೆ, ಗ್ಲವ್ ಬಾಕ್ಸಿನ ಒಳಗೆ, ಪುಟ್ಟ ಮುಚ್ಚಳಗಳ ಕೆಳಗೆ ಅಡಗಿದ ಸ್ಕ್ರೂ ಇದೆಯೇ ನೋಡಬೇಕು. ಬಿಚ್ಚಿದ ಕ್ರಮದಲ್ಲೇ ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಟ್ಟರೆ ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಈಗ ಹಳೆಯ ಪಾಠ. ನಮ್ಮ ದೇಶದಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಚಾಲಕರಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. ಬಳಿಕ ಪಕ್ಕದ ಆಸನಕ್ಕೂ ಬಂತು. ಪಕ್ಕದವರ ಏರ್‌ಬ್ಯಾಗ್ ಅಡಗಿ ಕುಳಿತಿರುವುದು ಡ್ಯಾಶ್‌ಬೋರ್ಡಿನೊಳಗೆ. ಅದನ್ನು ಉಬ್ಬಿಸುವುದು ಸಣ್ಣ ಸ್ಫೋಟಕ. ಸಾಮಾನ್ಯವಾಗಿ ಹಳದಿ ಬಣ್ಣದ ಕನೆಕ್ಟರುಗಳಿಂದ ಅದರ ತಂತಿಗಳನ್ನು ಗುರುತಿಸಬಹುದು. ಬ್ಯಾಟರಿ ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ಅದರೊಳಗೆ ವಿದ್ಯುತ್ತು ಉಳಿದಿರುತ್ತದೆ. ಆದ್ದರಿಂದ ಆ ಭಾಗವನ್ನು ಮನೆಯಲ್ಲಿ ಮುಟ್ಟಬಾರದು. ಅಪ್ಪ ಕೆಡಿಸಿದ್ದು ಫ್ಯೂಸು. ಇಲ್ಲಿ ಕೆಡುವುದು ಮುಖ. ಸ್ಟ್ರೈತ್ ಡಾಕ್ಟರರು ಬೇಡಿಕೊಂಡ ಮೆತ್ತೆ ಕೊನೆಗೂ ಬಂತು, ಆದರೆ ನಮ್ಮ ಕೈಗೆ ಬೇಲಿ ಹಾಕಿಕೊಂಡು ಬಂತು. ಇದನ್ನು ನಷ್ಟವೆಂದು ದೂರಲು ನಮಗೆ ಬಾಯಿ ಬರುವುದಿಲ್ಲ. ನಾವು ಮಕ್ಕಳು ಮುಂದಿನ ಸೀಟಿಗಾಗಿ ಜಗಳವಾಡಿ, ತಗಡಿಗೆ ಗಲ್ಲ ಊರಿಕೊಂಡು ಘಾಟಿ ಇಳಿದು ಊರಿಗೆ ಹೋದ ಮೇ ತಿಂಗಳುಗಳನ್ನು ನೆನೆದರೆ ಇಂದು ಎದೆ ನಡುಗುತ್ತದೆ. ಅಂದು ಏನೂ ಆಗಲಿಲ್ಲ ಎಂಬುದು ನಮ್ಮ ಪುಣ್ಯ, ಆ ಹಲಗೆಯ ಗುಣವಲ್ಲ.

ಪದ್ಮಿನಿಯ ತಯಾರಿಕೆ ಹೊಸ ಶತಮಾನದ ಹೊಸ್ತಿಲಲ್ಲೇ ನಿಂತಿತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾಗಿ ಕೊನೆಯ ಪದ್ಮಿನಿ ತಾಡದೇವ್ ಆರ್.ಟಿ.ಓ.ದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ 20 ವರ್ಷದ ಮಿತಿ. 2023ರ ಅಕ್ಟೋಬರ್ 30ರಿಂದ ಆ ಟ್ಯಾಕ್ಸಿಗಳು ಮುಂಬಯಿಯ ರಸ್ತೆಯಲ್ಲಿಲ್ಲ. ನಮ್ಮ ಗಾಡಿ ಅದಕ್ಕೂ ಮೊದಲೇ ಗುಜರಿಗೆ ಹೋಗಿತ್ತು. ಒಯ್ಯಲು ಬಂದವರು ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿದರು. ಹಿಂದಿನ ಸಂಜೆ ಅಪ್ಪ ಒಬ್ಬರೇ ಕೆಳಗಿಳಿದರು. ಮೊದಲು ಬ್ಯಾಟರಿಯ ತಂತಿ ಬಿಚ್ಚಿದರು, ಬಳಿಕ ಆ ನಾಲ್ಕಾರು ಸ್ಕ್ರೂ. ವೇಗದ ಮೀಟರನ್ನು ಬಟ್ಟೆಯಲ್ಲಿ ಸುತ್ತಿ ಮೇಲಕ್ಕೆ ತಂದು ಮೇಜಿನ ಮೇಲಿಟ್ಟರು. ಅಮ್ಮ ಏನೂ ಅನ್ನದೆ, ಮಸಾಲೆ ಡಬ್ಬಿಯ ಪಕ್ಕದಲ್ಲಿದ್ದ ಮಿಕ್ಕ ಸ್ಕ್ರೂವನ್ನು ತಂದು ಅದರ ಜೊತೆಗಿಟ್ಟರು.

ಅಪ್ಪ ಈಗಿಲ್ಲ. ಆಯುಧಪೂಜೆಯ ದಿನ ಹೊಸ ಕಾರಿಗೆ ಮಾಲೆ ಹಾಕುತ್ತೇವೆ, ಚಕ್ರಕ್ಕೆ ನಿಂಬೆಹಣ್ಣು ಇಡುತ್ತೇವೆ. ಮನೆಯೊಳಗೆ ಆ ಮೀಟರಿಗೂ ಒಂದು ಹೂವು ಏರುತ್ತದೆ. ಮೊಮ್ಮಕ್ಕಳು ಅದರ ಹಿಂದಿನ ತೂತಿಗೆ ಬೆರಳಿಟ್ಟು ತಿರುಗಿಸುತ್ತಾರೆ, ಮುಳ್ಳು ಏಳುವುದೇ ಎಂದು ಕಾಯುತ್ತಾರೆ. ನಮ್ಮ ಓದುಗರಲ್ಲಿ ಹಲವರ ಮನೆಯಲ್ಲಿ ಇಂಥ ಗಾಡಿಗಳಿದ್ದವು, ಕೆಲವರು ಟ್ಯಾಕ್ಸಿ ಓಡಿಸಿದವರು, ಕೆಲವರು ಕುರ್ಲಾದ ಕಾರ್ಖಾನೆಯ ಭೋಂಗಾ ಕೇಳಿ ಎದ್ದವರು ಇದ್ದಾರು. ನಿಮ್ಮಲ್ಲಿ ಉಳಿದಿರುವ ಪಟ, ಕಾಗದ, ಬಿಡಿಭಾಗಗಳನ್ನು ರದ್ದಿಗೆ ಹಾಕುವ ಮೊದಲು ಅವುಗಳ ಕಥೆಯನ್ನು ಬರೆದು ಈ ಪತ್ರಿಕೆಗೆ ಕಳಿಸಿಕೊಡಿ. ಗಾಡಿ ಹೋದರೂ ಅದನ್ನು ತಿರುಗಿ ಕೂಡಿಸಿದವರ ನೆನಪು ಉಳಿಯಲಿ.